ಚಾಲೂದು ಆಕಿಗಿರಲಿ

ನನಗೆ ಒಂದೇ ಕಡೆ ಕೂರಲು ಬರುವುದಿಲ್ಲ. ಮದುವೆಯ ಹೊಸದರಲ್ಲಿ ನಮ್ಮ ಮನೆಯವರು ಇದನ್ನು ಚುರುಕುತನ ಎಂದುಕೊಂಡು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು. ಈಗ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎನ್ನುತ್ತಾರೆ. ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಲೇಥ್ ಮೇಲಿಂದ ಇಳಿದು ಬಂದ ಪಂಪಿನ ಬಿಡಿಭಾಗಗಳನ್ನು ಅಳೆದು, ಇದು ಪಾಸು, ಇದು ರಿಜೆಕ್ಟು, ಇದು ಮತ್ತೊಮ್ಮೆ ಲೇಥಿಗೆ ಎಂದು ಬೇರೆ ಬೇರೆ ಟ್ರೇಗಳಿಗೆ ಹಾಕುವುದು. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಮನೆಗೆ ಬಂದರೂ ಕಣ್ಣು ಸುಮ್ಮನಿರುವುದಿಲ್ಲ. ಟೊಮೆಟೊ, ಕುಕ್ಕರಿನ ರಬ್ಬರು, ಬೀಗರು ಉಡಿಸಿದ ಸೀರೆ, ಬಂದವರು ಆಡಿ ಹೋದ ಮಾತು, ಎಲ್ಲಕ್ಕೂ ಒಂದು ದರ್ಜೆ ಹಚ್ಚದ ಹೊರತು ನನಗೆ ನಿದ್ದೆ ಹತ್ತುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮಾತ್ರ ಒಂದೇ ಪ್ರಶ್ನೆ ನನ್ನ ಬೆನ್ನು ಹತ್ತಿತು. ಅಪ್ಪನ ಹತ್ತಿರ ಎರಡು ಕಿಸೆ ಗಡಿಯಾರಗಳಿದ್ದವು. ಒಂದು ಅಣ್ಣನ ಪಾಲಿಗೆ ಹೋಯಿತು, ಒಂದು ನನಗೆ ಬಂತು. ನನಗೆ ಬಂದದ್ದು ಅಪ್ಪ ಬೇಕೆಂದು ಆರಿಸಿ ಕೊಟ್ಟದ್ದೋ, ಒಳ್ಳೆಯದನ್ನು ಮಗನಿಗೆ ತೆಗೆದಿಟ್ಟ ಮೇಲೆ ಉಳಿದದ್ದೋ? ಬೆಲೆಯ ಮಾತಲ್ಲ ಇದು, ನಾನು ಅದನ್ನು ಮಾರುವವಳೂ ಅಲ್ಲ. ಅಪ್ಪನ ಲೆಕ್ಕದಲ್ಲಿ ನಾನು ಯಾವ ಟ್ರೇಯಲ್ಲಿದ್ದೆ ಎನ್ನುವುದು ನನಗೆ ಗೊತ್ತಾಗಬೇಕಿತ್ತು.

ಗಡಿಯಾರಗಳು ಅಮೆರಿಕದವು. ಅಜ್ಜ ಲೋಂಡಾದಲ್ಲಿ ರೈಲಿನ ಗಾರ್ಡ್ ಆಗಿದ್ದ. ಅಲ್ಲಿ ಎಂಜಿನ್ ಓಡಿಸುತ್ತಿದ್ದ ಗೋವೆಯವನೊಬ್ಬನ ತಮ್ಮ ಹಡಗಿನ ಕೆಲಸಕ್ಕಿದ್ದನಂತೆ. ಅವನು ಯಾವುದೋ ಬಂದರಿನಲ್ಲಿ ಕೊಂಡು ತಂದ ಜೋಡಿ ಗಡಿಯಾರ ಹೇಗೋ ಅಜ್ಜನ ಕೈ ಸೇರಿತು. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು, ಆ ದೇಶದಲ್ಲಿ ರೈಲು ನಡೆಸುವವರಿಗೆಂದೇ ಮಾಡಿದಂಥವು. ಅಜ್ಜನಿಂದ ಅವು ಅಪ್ಪನಿಗೆ ಬಂದವು. ಅಪ್ಪ ಖಾನಾಪುರದ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು. ಒಂದು ಗಡಿಯಾರದ ಬೆನ್ನ ಮೇಲೆ ಹೊಗೆ ಬಿಡುತ್ತ ಓಡುವ ಎಂಜಿನ್ನಿನ ಚಿತ್ರ ಕೆತ್ತಿತ್ತು. ಇನ್ನೊಂದರ ಬೆನ್ನು ಬೋಳು. ಕಿಸೆಯಲ್ಲಿ ಉಜ್ಜಿ ಉಜ್ಜಿ ಅದು ಹಳೆಯ ಚಮಚದ ಬಣ್ಣಕ್ಕೆ ಬಂದಿತ್ತು. ನನಗೆ ಬಂದದ್ದು ಈ ಬೋಳು ಬೆನ್ನಿನದು.

ಅಪ್ಪನ ಕಿಸೆಯಲ್ಲಿ ದಿನಾಲು ಇರುತ್ತಿದ್ದದ್ದೂ ಅದೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಕಟ್ಟೆಯ ಮೇಲೆ ಕೂತು ಎರಡಕ್ಕೂ ಕೀಲಿ ಕೊಡುತ್ತಿದ್ದ. ಎಂಜಿನ್ನಿನದಕ್ಕೆ ಕೀಲಿ ಕೊಟ್ಟು ಟ್ರಂಕಿನೊಳಗೆ ಇಡುವುದು, ಬೋಳು ಬೆನ್ನಿನದಕ್ಕೆ ಕೀಲಿ ಕೊಟ್ಟು ಕಿಸೆಗೆ ಹಾಕುವುದು. ಸಮಯ ಸರಿಪಡಿಸಬೇಕಾದರೆ ಅದೊಂದು ದೊಡ್ಡ ಪೂಜೆ. ಎಲ್ಲ ಗಡಿಯಾರಗಳ ಹಾಗೆ ತಲೆಯ ಗುಬ್ಬಿ ಎಳೆದು ತಿರುವಿದರೆ ಮುಳ್ಳು ಸರಿಯುವುದಿಲ್ಲ. ಮುಂದಿನ ಗಾಜನ್ನೇ ತಿರುವಿ ಬಿಚ್ಚಬೇಕು, ಮುಖದ ಅಂಚಿನಲ್ಲಿ ಅಡಗಿರುವ ಒಂದು ಸಣ್ಣ ಕಡ್ಡಿಯನ್ನು ಉಗುರಿನಿಂದ ಹೊರಗೆ ಎಳೆಯಬೇಕು, ಆಮೇಲೆ ಮುಳ್ಳು ತಿರುಗಿಸಬೇಕು. ಕಿಸೆಯಲ್ಲಿ ಗುಬ್ಬಿ ಸಿಕ್ಕಿ ಎಳೆದು, ಗೊತ್ತಿಲ್ಲದೆ ಸಮಯ ಬದಲಾದರೆ ಎರಡು ರೈಲು ಎದುರುಬದುರು ಬಂದು ಹೊಡೆದುಕೊಳ್ಳುತ್ತವಲ್ಲ, ಅದಕ್ಕೆ ಈ ಕಟ್ಟುನಿಟ್ಟು ಎಂದು ಅಪ್ಪ ಹೇಳುತ್ತಿದ್ದ. ನಾನು ಆಗ ಸಾಲೆಗೆ ಹೋಗುವ ಹುಡುಗಿ. ಗಾಜು ಬಿಚ್ಚಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಕೈ ಅಲ್ಲಾಡಿಸಬೇಡ ಎಂದು ಬೈಸಿಕೊಳ್ಳುವುದೂ ನನ್ನದೇ ಕೆಲಸವಾಗಿತ್ತು.

ಅಪ್ಪನ ಕಾರ್ಯ ಮುಗಿದು ತಿಂಗಳ ಮೇಲಾದರೂ ಗಡಿಯಾರದ ಸುದ್ದಿ ಇರಲಿಲ್ಲ. ಒಂದು ದಿನ ಸಂಜೆ ಅಣ್ಣ ತಾನಾಗಿ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಬಂದ. ಅಣ್ಣ ಖಾನಾಪುರದ ಹೈಸ್ಕೂಲಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ಸಂಜೆ ಎಮ್ಮೆ ನೋಡಿಕೊಳ್ಳುತ್ತಾನೆ. ಮಾತು ಕಡಿಮೆ. ಕರ್ಚೀಫಿನ ಗಂಟು ಬಿಚ್ಚಿ ಬೋಳು ಬೆನ್ನಿನ ಗಡಿಯಾರವನ್ನು ಟೀಪಾಯಿಯ ಮೇಲಿಟ್ಟು ಹೇಳಿದ:

“ಅಪ್ಪ ಅಂದಿದ್ದ, ಚಾಲೂದು ಆಕಿಗಿರಲಿ ಅಂತ.”

ನಮ್ಮ ಕಡೆಯವರಲ್ಲದವರಿಗೆ ಈ ಮಾತಿನ ಮುಳ್ಳು ತಿಳಿಯಲಿಕ್ಕಿಲ್ಲ. ಬೆಳಗಾವಿ ಸೀಮೆಯಲ್ಲಿ ‘ಚಾಲು’ ಎಂದರೆ ನಡೆಯುತ್ತಿರುವುದು. ಫ್ಯಾನು ಚಾಲು, ಮಳೆ ಚಾಲು, ಅಂಗಡಿ ಚಾಲು. ಆದರೆ ಅದೇ ಅಂಗಡಿಯ ಒಳಗೆ ಕಾಲಿಟ್ಟರೆ ‘ಚಾಲು’ ಎಂದರೆ ಬೇರೆ. ಸೀರೆ ಹರವುವವನು ಒಂದು ಗುಡ್ಡೆ ತೋರಿಸಿ ಇದು ಭಾರಿ ಎನ್ನುತ್ತಾನೆ, ಇನ್ನೊಂದನ್ನು ತೋರಿಸಿ ಇದು ಚಾಲು ಎನ್ನುತ್ತಾನೆ. ಭಾರಿ ಎಂದರೆ ಮೇಲ್ದರ್ಜೆಯದು, ಚಾಲು ಎಂದರೆ ದಿನಬಳಕೆಯ ಮಾಮೂಲು ಮಾಲು. ಅಪ್ಪ ನನಗೆ ನಡೆಯುವುದನ್ನು ಕೊಡು ಎಂದಿದ್ದನೋ, ಮಾಮೂಲಿನದನ್ನು ಕೊಡು ಎಂದಿದ್ದನೋ?

ಚಹಾದ ಕಪ್ಪು ಕೈಯಲ್ಲಿರುವಾಗಲೇ ಅಣ್ಣನನ್ನು ಕೇಳಿಬಿಟ್ಟೆ. ಅವನು ಕಪ್ಪಿನ ಕೆಳಗಿನ ಬಸಿಯ ಕಡೆ ನೋಡುತ್ತ, ಚಾಲು ಅಂದ್ರ ನಡ್ಯೂದು, ಎಂಜಿನ್ನಿಂದು ಬಂದ್ ಬಿದ್ದೈತಿ, ಅದನ್ನ ನಾ ಇಟಗೊಂಡೀನಿ ಎಂದ. ಮಾತು ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅಣ್ಣ ಸುಳ್ಳು ಹೇಳುವಾಗ ಯಾವಾಗಲೂ ಬಸಿ ನೋಡುತ್ತಾನೆ. ನನ್ನ ಲಗ್ನಕ್ಕಿಂತ ಮೊದಲು ಹುಡುಗ ನೋಡಲು ಹೇಗಿದ್ದಾನೆ ಎಂದು ಕೇಳಿದಾಗಲೂ ಅವನು ಬಸಿಯನ್ನೇ ನೋಡಿದ್ದ. ಅವನು ಹೋದ ಮೇಲೆ ಒಂದು ಗಡಿಯಾರಕ್ಕಾಗಿ ತಿಂಗಳ ಮೇಲೆ ಯಾಕೆ ತಡ ಮಾಡಿದ ಎಂಬ ಇನ್ನೊಂದು ಹುಳು ತಲೆ ಹೊಕ್ಕಿತು. ಎರಡರಲ್ಲಿ ಯಾವುದು ಭಾರಿ ಎಂದು ಯಾರಿಗೋ ತೋರಿಸಿ, ಕೇಳಿ, ಖಾತ್ರಿ ಮಾಡಿಕೊಂಡು ನನಗೆ ಇದನ್ನು ತಂದನೇನೋ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ, ಸಿಟ್ಟೇ ಬಂತು.

ಅಣ್ಣನನ್ನು ಬಿಟ್ಟರೆ ಅಪ್ಪನ ಆ ಮಾತು ಕೇಳಿದವಳು ಅವ್ವ ಒಬ್ಬಳೇ. ಅವ್ವ ಖಾನಾಪುರದಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆಗೇ ಇರುತ್ತಾಳೆ. ನಮ್ಮದು ಎರಡು ಭಾಷೆಯ ಮನೆ. ಅವ್ವನ ತವರಿನಲ್ಲಿ ಎಲ್ಲರದೂ ಮರಾಠಿ, ಅಪ್ಪನ ಕಡೆಯದು ಕನ್ನಡ. ಅನ್ನಕ್ಕೆ ಕರೆಯುವುದು ಒಂದು ಭಾಷೆಯಲ್ಲಾದರೆ ಸಾರು ಸಪ್ಪಗಾಗಿದೆ ಎನ್ನುವುದು ಇನ್ನೊಂದರಲ್ಲಿ. ನಾನು ಒಂದು ಉಪಾಯ ಹೂಡಿದ್ದೆ. ಅಪ್ಪ ಆ ಮಾತನ್ನು ಮರಾಠಿಯಲ್ಲಿ ಆಡಿದ್ದರೆ ‘ಚಾಲು’ವಿನ ಹಿಂದೆ ಬರುವ ಬಾಲ ಬೇರೆ ಇರುತ್ತದೆ. ನಡೆಯುವುದಕ್ಕೆ ‘ಚಾಲೂ ಅಸಲೇಲಂ’ ಅನ್ನಬೇಕು, ಮಾಮೂಲಿನದಕ್ಕೆ ‘ಚಾಲೂತಲಂ’ ಅನ್ನಬೇಕು. ಆ ಬಾಲ ಗೊತ್ತಾದರೆ ವ್ಯಾಜ್ಯವೇ ಮುಗಿಯಿತು. ಕನ್ನಡದ ‘ಚಾಲೂದು’ ಮಾತ್ರ ಎರಡಕ್ಕೂ ಹೊಂದುತ್ತದೆ. ಫೋನು ಮಾಡಿ, ಅಪ್ಪ ಅದನ್ನು ಯಾವ ಭಾಷೆಯಲ್ಲಿ ಅಂದ ಎಂದು ಅವ್ವನನ್ನು ಕೇಳಿದೆ.

“ಯಾವ ಭಾಷಾ ಅಂದ್ರ?” ಎಂದಳು ಅವ್ವ. “ಮಾತಾಡಿದಾ.”

ಮೂರು ನಾಲ್ಕು ಸಲ ಬೇರೆ ಬೇರೆ ರೀತಿ ಕೇಳಿ ನೋಡಿದೆ. ಅವಳಿಗೆ ಅಪ್ಪನ ದನಿ ನೆನಪಿತ್ತು, ಮಲಗಿದ್ದ ಮಗ್ಗುಲು ನೆನಪಿತ್ತು, ಆವತ್ತು ಎರಡೇ ಗುಟುಕು ಗಂಜಿ ಕುಡಿದದ್ದು ನೆನಪಿತ್ತು. ಭಾಷೆ ಯಾವುದೆಂದು ಮಾತ್ರ ನೆನಪಿರಲಿಲ್ಲ. ಎರಡೂ ಭಾಷೆ ಒಂದೇ ಒಲೆಯ ಮೇಲೆ ಬೇಯುವ ಮನೆಯಲ್ಲಿ ಯಾರಿಗೂ ಅದು ನೆನಪಿರುವುದಿಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅವ್ವನ ಮೇಲೆ ರೇಗಿ ಫೋನಿಟ್ಟೆ.

ಹಾಗಾದರೆ ಗಡಿಯಾರವನ್ನೇ ಕೇಳಿದರಾಯಿತು ಎಂದುಕೊಂಡೆ. ನನ್ನದು ಭಾರಿಯೋ ಚಾಲುವೋ ಎಂದು ಅದರ ಹೊಟ್ಟೆಯೊಳಗೇ ಬರೆದಿರಬೇಕಲ್ಲ. ರವಿವಾರ ಬಾಗಿಲು ಹಾಕಿಕೊಂಡು, ಅಂಗೈಯಲ್ಲಿ ಒತ್ತಿ ಹಿಡಿದು ಹಿಂದಿನ ಮುಚ್ಚಳ ತಿರುವಿದೆ. ಕಾರ್ಖಾನೆಯಲ್ಲಿ ಹೊಸ ಮಷೀನು ಬಂದಾಗಲೂ ನಾನು ಹಾಗೆ ಉಸಿರು ಹಿಡಿದದ್ದಿಲ್ಲ. ಒಳಗೆ ಬೆಳ್ಳಗಿನ ಲೋಹದ ತಗಡುಗಳು, ಅವುಗಳ ಮೇಲೆ ಅಲೆ ಅಲೆಯಾಗಿ ಕೊರೆದ ಗೆರೆಗಳು. ಕೆಂಪು ಕಲ್ಲುಗಳ ಕುಣಿಯೊಳಗೆ ಹಲ್ಲಿನ ಚಕ್ರಗಳ ತುದಿ. ಒಂದು ಬದಿಗೆ, ಎಲ್ಲಕ್ಕಿಂತ ದೊಡ್ಡದಾಗಿ, ಅತ್ತಿತ್ತ ತೂಗುತ್ತಲೇ ಇರುವ ಒಂದು ಚಕ್ರ. ಯಾರದೋ ದೇಶದಲ್ಲಿ, ಯಾರೋ ನನ್ನಂಥವಳೇ ಭೂತಗನ್ನಡಿ ಹಿಡಿದು ಪಾಸು ಮಾಡಿದ ಮಾಲು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು. ಹಳೆಯ ರೈಲು ಗಡಿಯಾರಗಳ ಬಗ್ಗೆ ಬರೆಯುವವರು, ವಿಡಿಯೊ ಮಾಡುವವರು ಜಗತ್ತಿನ ತುಂಬ ಇದ್ದಾರೆ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ರೈಲ್ವೆ ಗೇಟು ಬಿದ್ದಲ್ಲಿ, ಎಲ್ಲೆಂದರಲ್ಲಿ ಮೊಬೈಲು ತೆಗೆದು ಅದನ್ನೇ ಓದತೊಡಗಿದೆ. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಅಚ್ಚಿನ ಗಡಿಯಾರದಲ್ಲೂ ಎಷ್ಟೋ ದರ್ಜೆಗಳಿರುತ್ತವೆಂದು ಆಗ ತಿಳಿಯಿತು. ಮೊದಲನೆಯದು ಕಲ್ಲುಗಳ ಲೆಕ್ಕ. ಚಕ್ರದ ತುದಿಗಳು ಲೋಹಕ್ಕೆ ಉಜ್ಜಿ ಸವೆಯದಿರಲಿ ಎಂದು ಕೂರಿಸುವ ಕಲ್ಲು ಅವು, ಒಡವೆಗೆ ಬರುವಂಥವಲ್ಲ. ಹದಿನೇಳು ಇದ್ದರೆ ಅದು ಸಂಸಾರ ತೂಗಿಸುವ ದರ್ಜೆ. ಇಪ್ಪತ್ತೊಂದು ಇದ್ದರೆ ನಾಲ್ಕು ಜನರ ನಡುವೆ ತಲೆಯೆತ್ತಿ ಓಡಾಡುವ ದರ್ಜೆ. ಎರಡನೆಯದು ಭಂಗಿಗಳ ಪರೀಕ್ಷೆ. ಮುಖ ಮೇಲೆ ಮಾಡಿ, ಮುಖ ಕೆಳಗೆ ಮಾಡಿ, ನೆಟ್ಟಗೆ ನಿಲ್ಲಿಸಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಹೀಗೆ ಐದು ಭಂಗಿಯಲ್ಲೂ ಒಂದೇ ವೇಗದಲ್ಲಿ ನಡೆಯುವಂತೆ ಹೊಂದಿಸಿದ್ದು ಮೇಲಿನ ದರ್ಜೆ. ಮೂರೇ ಭಂಗಿಗೆ ಹೊಂದಿಸಿದ್ದು ಅದಕ್ಕಿಂತ ಕೆಳಗೆ. ಸೆಕೆಯಲ್ಲೂ ಚಳಿಯಲ್ಲೂ ವಾರಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚುಕಡಿಮೆ ಆಗಕೂಡದು ಎಂದು ಅಲ್ಲಿಯ ರೈಲಿನವರ ನಿಯಮವಂತೆ. ಓದುತ್ತ ಓದುತ್ತ ನನಗೆ ಆ ತಪಾಸಣೆಯವರ ಮೇಲೆ ಗೌರವ ಬಂತು. ನಮ್ಮ ಕಾರ್ಖಾನೆಯಲ್ಲಿ ಅರ್ಧ ಮಾಲು ‘ನಡೀತದ ಬಿಡ್ರಿ’ ಎಂಬ ಒಂದೇ ಭಂಗಿಯಲ್ಲಿ ಪಾಸಾಗುತ್ತದೆ.

ಬೆನ್ನ ಮೇಲೆ ಎಂಜಿನ್ ಕೆತ್ತಿದ ಗಡಿಯಾರವೇ ಅಸಲಿ ರೈಲಿನದು ಎಂದು ನಾವೆಲ್ಲ ನಂಬಿದ್ದೆವು. ಹಾಗೇನಿಲ್ಲ, ಆ ಚಿತ್ರ ಮಾರುವವರ ಶೋಕಿ, ಡ್ಯೂಟಿ ಮಾಡುವವರು ಬೋಳು ಬೆನ್ನಿನದನ್ನೇ ಹೆಚ್ಚಾಗಿ ಇಟ್ಟುಕೊಳ್ಳುತ್ತಿದ್ದರು ಎಂದು ಎಲ್ಲೋ ಓದಿದೆ. ಓದಿದವಳೇ ಮಚ್ಛೆಯ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಕ್ಕೆ. ಎರಡು ದಿನ ಮನೆಯಲ್ಲಿ ಚಪಾತಿಗಳೂ ಮೆತ್ತಗೆ ಬಂದವು. ಮೂರನೆಯ ದಿನ ನನ್ನ ಗಡಿಯಾರದ ತಗಡಿನ ಮೇಲಿದ್ದ ನಂಬರನ್ನು ಒಂದು ಕಡೆ ಹಾಕಿ ನೋಡಿದೆ. ಯಾವ ನಂಬರು ಯಾವ ದರ್ಜೆ ಎಂದು ಅಲ್ಲಿ ತೋರಿಸುತ್ತದೆ. ಹದಿನೇಳು ಕಲ್ಲು, ಮೂರು ಭಂಗಿ. ರಿಜೆಕ್ಟು ಅಲ್ಲ, ಆದರೆ ಅಂಚಿನ ಮೇಲಿನ ಪಾಸು. ನನಗೆ ಸಾಲೆಯಲ್ಲಿ ಬರುತ್ತಿದ್ದ ಮಾರ್ಕುಗಳ ಹಾಗೆ. ಆವತ್ತು ಊಟದ ಹೊತ್ತಿಗೆ ಮನೆಯವರು ಉಪ್ಪು ಕಡಿಮೆ ಎಂದದ್ದಕ್ಕೆ ನಾನು ಆಡಿದ ಮಾತು ಇಲ್ಲಿ ಬೇಡ.

ಆದರೂ ಸುಮ್ಮನೆ ಕೂರುವ ಜಾಯಮಾನವೇ ಅಲ್ಲವಲ್ಲ. ಗಡಿಯಾರವನ್ನು ನಾನೇ ಪರೀಕ್ಷೆಗೆ ಹಾಕಿದೆ. ಅಡಿಗೆ ಮನೆಯ ಗೋಡೆಯ ಮಾಡದಲ್ಲಿ ಒಂದೊಂದು ದಿನ ಒಂದೊಂದು ಭಂಗಿ. ಒಮ್ಮೆ ಅಂಗಾತ, ಒಮ್ಮೆ ಬೋರಲು, ಒಮ್ಮೆ ಡಬ್ಬಿಗಳ ಸಂದಿಯಲ್ಲಿ ನೆಟ್ಟಗೆ, ಆಮೇಲೆ ಎಡಕ್ಕೂ ಬಲಕ್ಕೂ ವಾಲಿಸಿ. ಮನೆಯವರು ಚಹಾಕ್ಕೆ ಬಂದವರು ನೋಡಿ, ಕೂಸಿಗೂ ಇಷ್ಟು ಮಗ್ಗಲ ಬದಲಸಲಿಲ್ಲಲ್ಲ ನೀ ಎಂದು ಛೇಡಿಸಿದರು. ಪರೀಕ್ಷೆಯ ಫಲ ನೋಡಿ ನನಗೆ ತಲೆ ಕೆಟ್ಟಿತು. ಅದು ಐದೂ ಭಂಗಿಯಲ್ಲಿ ಬಲು ಚೆನ್ನಾಗಿ ನಡೆಯುತ್ತಿತ್ತು. ಇಷ್ಟು ಹಳೆಯದಾದ, ಆ ದರ್ಜೆಯ ಗಡಿಯಾರ ಇಷ್ಟು ಸರಿಯಾಗಿ ನಡೆಯಬಾರದು. ಮಾಲು ನಿರೀಕ್ಷೆಗಿಂತ ಕೆಟ್ಟದಾಗಿದ್ದರೆ ಒಂದು ಕಾರಣ ಇರುತ್ತದೆ, ನಿರೀಕ್ಷೆಗಿಂತ ಒಳ್ಳೆಯದಾಗಿದ್ದರೂ ಒಂದು ಕಾರಣ ಇರಲೇಬೇಕು. ಅದು ನನ್ನ ಕಸುಬಿನ ಪಾಠ.

ಮತ್ತೆ ಮುಚ್ಚಳ ತೆಗೆದೆ. ಈ ಸಲ ಕಾರ್ಖಾನೆಯಿಂದ ಭೂತಗನ್ನಡಿ ತಂದಿದ್ದೆ. ತೂಗುವ ಆ ದೊಡ್ಡ ಚಕ್ರದ ಅಂಚಿಗೆ ಸುತ್ತಲೂ ಸಾಸಿವೆಗಿಂತ ಸಣ್ಣ ತಿರುಪುಗಳಿರುತ್ತವೆ, ತೂಕ ಸರಿಹೊಂದಿಸಲು. ನನ್ನ ದರ್ಜೆಯ ಗಡಿಯಾರಗಳ ಚಿತ್ರಗಳಲ್ಲಿ ಅವು ಬಿಳಿಚಿಕೊಂಡ ಮಾಮೂಲಿ ತಿರುಪುಗಳು. ನನ್ನದರಲ್ಲಿ ಬಂಗಾರದವಿದ್ದವು. ಬಂಗಾರದ ತಿರುಪು ಹಾಕುತ್ತಿದ್ದದ್ದು ಇಪ್ಪತ್ತೊಂದು ಕಲ್ಲಿನ ಮೇಲ್ದರ್ಜೆಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅಂದರೆ ನಂಬರಿನ ಪಟ್ಟಿಯೇ ತಪ್ಪೋ? ಕಂಪನಿಯವರೇ ಮೇಲ್ದರ್ಜೆಯದಕ್ಕೆ ಕೆಳಗಿನ ಮುದ್ರೆ ಹೊಡೆದರೋ? ಇದ್ದರೂ ಇರಬಹುದು, ನಮ್ಮಲ್ಲಿ ಆಗುವುದಿಲ್ಲವೇ. ನನ್ನದೇ ಭಾರಿ, ಅಪ್ಪನಿಗೆ ಅದು ಗೊತ್ತಿತ್ತು, ಅದಕ್ಕೇ ಅದನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದ, ಅದಕ್ಕೇ ನನಗೆ ಕೊಟ್ಟ. ಮನಸ್ಸು ಒಂದೇ ಜಿಗಿತಕ್ಕೆ ಇಷ್ಟು ದೂರ ಹೋಯಿತು.

ಖಾತ್ರಿಯಾಗಬೇಕಾದರೆ ಅಣ್ಣನ ಗಡಿಯಾರವನ್ನು ಬಾಜು ಇಟ್ಟು ನೋಡಬೇಕಿತ್ತು. ಫೋನು ಮಾಡಿ, ಹಿಂದಿನ ಮುಚ್ಚಳ ತೆಗೆದು ಒಂದು ಫೋಟೊ ಕಳಿಸು ಎಂದೆ. ಮುಚ್ಚಳ ಬಿಗಿ ಆಗೈತಿ ಎಂದ. ಬೆಳಗಾವಿಗೆ ಬರುವಾಗ ತಾ, ನಾನು ತೆಗೆಯುತ್ತೇನೆ ಎಂದೆ. ಟ್ರಂಕಿನಾಗ ತಳಕ್ಕ ಬಿದ್ದೈತಿ ಎಂದ. ದೀಪಾವಳಿಗೆ ಹೋದಾಗ ಕೇಳಿದರೆ ಟ್ರಂಕಿನ ಕೀಲಿಕೈ ವೈನಿಯ ಹತ್ತಿರ ಎಂದ, ವೈನಿಯನ್ನು ಕೇಳಿದರೆ ಅವರ ಹತ್ತಿರ ಎಂದಳು. ಒಂದು ಸಲ ಸ್ವಲ್ಪ ಜೋರಾಗಿಯೇ, ಅದನ್ನ ತೆಗೀಬ್ಯಾಡಾ ತಂಗಿ, ನಿಂದು ನಡ್ಯಾಕತ್ತೈತಲ್ಲ ಎಂದ. ಅವನು ಏನೋ ಮುಚ್ಚಿಡುತ್ತಿದ್ದಾನೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಹೀಗೆ ವರ್ಷಗಳು ಕಳೆದವು. ಹಬ್ಬಕ್ಕೆ ಹೋಗುತ್ತಿದ್ದೆ, ಹೋಳಿಗೆ ತಿನ್ನುತ್ತಿದ್ದೆ, ಅಣ್ಣನ ಜೊತೆ ಮಳೆ ಬೆಳೆಯ ಮಾತಾಡುತ್ತಿದ್ದೆ. ಮಾತಿನ ಕೆಳಗೆ ಇದು ಸದಾ ಕೊರೆಯುತ್ತಿತ್ತು.

ಈ ವರ್ಷ ಮಳೆ ಹಿಂದೆಗೆದ ಮೇಲೆ ಒಂದು ರವಿವಾರ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ, ಗಡಿಯಾರ, ಭೂತಗನ್ನಡಿ, ಚಿಮಟ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಸ್ಕೂಟಿ ಹತ್ತಿದೆ. ಪೀರನವಾಡಿಯ ಗದ್ದಲ ದಾಟಿ, ರಜೆಯ ದಿನ ಮುಚ್ಚಿದ್ದ ನಮ್ಮ ಕಾರ್ಖಾನೆಯ ಗೇಟು ದಾಟಿ, ಭತ್ತದ ಗದ್ದೆಗಳ ನಡುವಿನ ರಸ್ತೆಗೆ ಬಿದ್ದಾಗಲೂ ತಲೆಯೊಳಗೆ ಜಗಳ ನಡೆದೇ ಇತ್ತು. ಅಣ್ಣನ ಮಾತುಗಳನ್ನೂ ನಾನೇ ಆಡಿ, ಅದಕ್ಕೆ ಉತ್ತರವನ್ನೂ ನಾನೇ ಕೊಟ್ಟು, ಖಾನಾಪುರದ ಸೇತುವೆ ಬರುವಷ್ಟರಲ್ಲಿ ಜಗಳದಲ್ಲಿ ಗೆದ್ದೂ ಆಗಿತ್ತು.

ಅಣ್ಣ ಹಿತ್ತಲಿನ ಕೊಟ್ಟಿಗೆಯಲ್ಲಿ ಎಮ್ಮೆ ತೊಳೆಯುತ್ತಿದ್ದ. ವೈನಿ ಅವಲಕ್ಕಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ಪಡಸಾಲೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ನೇರವಾಗಿ ಅವ್ವನಿಗೆ, ಅಪ್ಪನ ಎಂಜಿನ್ ಗಡಿಯಾರ ಒಂದು ಸಲ ನೋಡಬೇಕು ಎಂದೆ. ಅವ್ವನಿಗೆ ಮುಚ್ಚುಮರೆ ಗೊತ್ತಿಲ್ಲ. ಎದ್ದು ಹೋಗಿ ದೇವರ ಮಾಡದ ಕೆಳಗಿನ ಗೂಡಿನಿಂದ ತಂದು ಕೈಯಲ್ಲಿಟ್ಟಳು. ಟ್ರಂಕೂ ಇಲ್ಲ, ಕೀಲಿಕೈಯೂ ಇಲ್ಲ.

ಸ್ಟೀಲಿನ ತಾಟಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡನ್ನೂ ಬೋರಲು ಇಟ್ಟೆ. ಮೊದಲು ನನ್ನದರ ಮುಚ್ಚಳ, ಆಮೇಲೆ ಅಣ್ಣನದು. ಬಿಗಿಯೇನೂ ಇರಲಿಲ್ಲ, ಎರಡು ಸುತ್ತಿಗೆ ಬಿಚ್ಚಿಕೊಂಡಿತು. ನಾನು ಮೊಬೈಲಿನಲ್ಲಿ ನೋಡಿದ ಯಾವ ಚಿತ್ರವೂ ಅಷ್ಟು ಚೆಂದ ಇರಲಿಲ್ಲ. ಅಲೆಗೆರೆಗಳು ನನ್ನದಕ್ಕಿಂತ ಸಣ್ಣ, ನನ್ನದಕ್ಕಿಂತ ನಿಖರ. ಅಕ್ಷರಗಳಲ್ಲಿ ಬಂಗಾರ ತುಂಬಿತ್ತು. ನನ್ನದರಲ್ಲಿ ಕಲ್ಲುಗಳನ್ನು ಸುಮ್ಮನೆ ಒತ್ತಿ ಕೂರಿಸಿದ್ದರೆ ಇದರಲ್ಲಿ ಒಂದೊಂದು ಕಲ್ಲಿಗೂ ಬಂಗಾರದ ಉಂಗುರ, ಉಂಗುರವನ್ನು ಹಿಡಿಯಲು ತಿರುಪು. ಇಪ್ಪತ್ತೊಂದು ಕಲ್ಲು, ಐದು ಭಂಗಿ ಎಂದು ನೆಟ್ಟಗೆ ಕೆತ್ತಿತ್ತು. ಯಾವ ಪಟ್ಟಿಯೂ ಬೇಕಿರಲಿಲ್ಲ. ಭಾರಿ ಇದೇ. ನನ್ನ ಲೆಕ್ಕವೆಲ್ಲ ಸುಳ್ಳು.

ಒಂದು ಬದಿ ಮಾತ್ರ ಖಾಲಿ ಇತ್ತು. ತೂಗುವ ಚಕ್ರ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ದುಂಡಗಿನ ಕುಣಿ, ಅದರ ನಡುವೆ ಯಾವ ತುದಿಯನ್ನೂ ಹಿಡಿಯದ ಒಂದು ಕೆಂಪು ಕಲ್ಲು. ಮುಚ್ಚಳದ ಒಳಗೆ ಮಾತ್ರೆ ಕಟ್ಟಿಕೊಡುವಂಥ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಅಂಟಿಕೊಂಡಿತ್ತು. ಅದರೊಳಗೆ ಒಂದು ಚಕ್ರ. ನಡುವಿನ ಕಡ್ಡಿ ಮುರಿದಿತ್ತು, ಅಂಚಿನ ತಿರುಪುಗಳು ಬಿಳಿಚಿಕೊಂಡ ಮಾಮೂಲಿ ತಿರುಪುಗಳು. ಅದು ನನ್ನ ಗಡಿಯಾರದ ಚಕ್ರ. ಅಣ್ಣನ ಗಡಿಯಾರದ ಬಂಗಾರದ ಚಕ್ರ ನನ್ನದರೊಳಗೆ, ನನ್ನ ಕಣ್ಣ ಮುಂದೆ, ತೂಗುತ್ತಿತ್ತು. ಆ ಕಂಪನಿಯ ಗಡಿಯಾರಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತದೆ ಎಂದು ಎಷ್ಟು ಸಲ ಓದಿದ್ದೆನೋ, ಹೊಳೆದಿರಲೇ ಇಲ್ಲ.

ಅಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ತಾಟು ನೋಡಿದ, ನನ್ನನ್ನು ನೋಡಿದ. ಬಸಿ ಎಲ್ಲೂ ಇರಲಿಲ್ಲ, ನೆಲ ನೋಡಿದ. ನಾನು ಬಿಡಲಿಲ್ಲ. ಒಂದೊಂದೇ ಮಾತು ಹಿಂಡಿ ತೆಗೆಯಬೇಕಾಯಿತು. ಕಡೆಯ ದಿನಗಳಲ್ಲಿ ಅಪ್ಪನ ಕೈಯಲ್ಲಿ ಹಿಡಿತವಿರಲಿಲ್ಲವಂತೆ. ಹೊರಸಿನ ಮೇಲಿಂದ ಬೋಳು ಬೆನ್ನಿನದು ಕಲ್ಲಿನ ನೆಲಕ್ಕೆ ಬಿದ್ದು ನಿಂತುಹೋಯಿತಂತೆ. ಅಪ್ಪನಿಗೆ ಅದು ತಿಳಿಯಲೂ ಇಲ್ಲವಂತೆ, ಅಷ್ಟು ಹೊತ್ತಿಗೆ ಎಚ್ಚರ ತಪ್ಪಿತ್ತು. ಕಾರ್ಯವಾದ ಮೇಲೆ ಅಣ್ಣ ಎರಡನ್ನೂ ಬೆಳಗಾವಿಗೆ ಒಯ್ದ. ಈ ಸಾಮಾನು ಈಗ ಸಿಗುವುದಿಲ್ಲ, ಬೇಕಾದರೆ ಜೋಡಿಯದರಿಂದ ತೆಗೆದು ಹಾಕಿಕೊಡುತ್ತೇನೆ ಎಂದು ರಿಪೇರಿಯವನು ಅಂದ. ಹಾಕಿಕೊಡು ಎಂದು ಅಣ್ಣ ಅಂದ. ತಡವಾದದ್ದು ಅದಕ್ಕೆ.

ನನ್ನ ಗಡಿಯಾರದ ಮುಚ್ಚಳ ತಿರುವಿ ಹಾಕಿದೆ. ಆದರೂ ಕೇಳದೆ ಇರಲಾಗಲಿಲ್ಲ.

“ಅಪ್ಪ ಖರೇ ಏನಂದಿದ್ದ?”

ಅವನು ಅವ್ವನ ಕಡೆ ನೋಡಿದ. ಅವ್ವ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದಳು.

“ಭಾರಿದು ನೀ ಇಟಗೊ, ಚಾಲೂದು ಆಕಿಗಿರಲಿ ಅಂದಾ,” ಎಂದ ಅಣ್ಣ. “ಆವಾಗ ಎರಡೂ ನಡೀತಿದ್ದೂವು.”

ಎರಡೂ ನಡೆಯುತ್ತಿದ್ದವು ಎಂದ ಮೇಲೆ ಆ ಮಾತಿಗೆ ಇನ್ನೊಂದು ಅರ್ಥ ಉಳಿಯುವುದಿಲ್ಲ. ಯಾವ ಭಾಷೆಯಲ್ಲಿ ಅಂದಿದ್ದರೂ ಅಷ್ಟೇ. ಗಾಜು ಹಿಡಿದು ನಿಂತವಳು ನಾನು, ಬೈಸಿಕೊಂಡವಳು ನಾನು, ಅಪ್ಪನ ಹಾಗೆ ಅಳತೆ ತಪ್ಪದ ಕೆಲಸ ಹಿಡಿದವಳು ನಾನು. ಇಷ್ಟಾಗಿಯೂ ಅಪ್ಪ ಒಳ್ಳೆಯದನ್ನು ಮಗನಿಗೆ ಇಟ್ಟು ಮಾಮೂಲಿನದನ್ನು ನನಗೆ ಬಿಟ್ಟಿದ್ದ. ಸತ್ತವನ ಮೇಲೆ ಸಿಟ್ಟು ಬಂತು. ಅಷ್ಟೇ ದುಃಖವೂ ಆಯಿತು. ನನ್ನ ಗಡಿಯಾರವನ್ನು ಎತ್ತಿ ಅಣ್ಣನ ಕಡೆ ಹಿಡಿದೆ. ಇದರೊಳಗಿನ ಚಕ್ರ ನಿನ್ನದು, ತೆಗೆಸಿ ನಿನ್ನದರಲ್ಲಿ ಹಾಕಿಸೋಣ, ನನ್ನದು ನಿಂತರೆ ನಿಲ್ಲಲಿ, ಅಪ್ಪ ಕೊಟ್ಟದ್ದು ಚಾಲೂದೇ ಅಲ್ಲವೇ ಎಂದೆ.

ಅಣ್ಣ ನನ್ನ ಮೇಲೆ ಸಿಟ್ಟಾದದ್ದನ್ನು ನಾನು ಆವತ್ತಿನ ತನಕ ನೋಡಿರಲಿಲ್ಲ. ಮುಂದೆ ಬಂದು, ನನ್ನ ಬೆರಳುಗಳನ್ನು ಗಡಿಯಾರದ ಮೇಲೆ ಮಡಚಿ, ಗಟ್ಟಿಯಾಗಿ ಒತ್ತಿ ಹಿಡಿದ. ಕೈ ಇನ್ನೂ ತಣ್ಣಗಿತ್ತು, ಎಮ್ಮೆಯ ವಾಸನೆ ಬರುತ್ತಿತ್ತು.

“ಅಪ್ಪ ಏನರ ಅಂದಿರಲಿ,” ಎಂದ. “ನಾ ನಿನಗ ಕೊಟ್ಟದ್ದು ನಡ್ಯೂದು.”

ಅಷ್ಟು ಹೇಳಿ ಎಮ್ಮೆಗೆ ನೀರಿಡಲು ಹಿತ್ತಲಿಗೆ ಹೋದ. ನಾನು ತಾಟಿನ ಮುಂದೆ ಕೂತು ಅತ್ತೆ. ಅವ್ವ ಅವಲಕ್ಕಿ ತಿನ್ನಲು ಕರೆದಳು, ಯಾವ ಭಾಷೆಯಲ್ಲೆಂದು ನನಗೆ ನೆನಪಿಲ್ಲ.